ಬಾನಿಯೊಳಗಿನ ಉಸಿರು

ಹಿತ್ತಲಿನ ಕಲ್ಲುಬಾನಿಯೊಳಗೆ ಯಾರೋ ಉಸಿರಾಡುತ್ತಿದ್ದಾರೆ ಎಂದು ನನಗೆ ಮೊದಲು ಅನ್ನಿಸಿದ್ದು ಬೇಸಿಗೆಯ ಒಂದು ಮಧ್ಯಾಹ್ನ. ಸಿಂದಗಿಯ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಎಲ್ಲರೂ ಉಂಡು ಮಲಗುತ್ತಿದ್ದರು. ಮಣ್ಣಿನ ಮಾಳಿಗೆ, ದಪ್ಪ ಗೋಡೆ. ಒಳಗೆ ಕತ್ತಲೆ, ತಂಪು, ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಪಾಯಖಾನೆ ಹಿತ್ತಲಿನ ತುದಿಯಲ್ಲಿತ್ತು. ಅಲ್ಲಿಗೆ ಹೋಗಬೇಕೆಂದರೆ ನಡುಮನೆಯಲ್ಲಿ ಸೆರಗು ಹಾಸಿ ಮಲಗಿದ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು ದಾಟಿ, ಅಡುಗೆಮನೆಯ ಹಿಂಬಾಗಿಲ ಅಗಳಿಯನ್ನು ಸದ್ದಾಗದಂತೆ ಸರಿಸಿ, ಬಾನಿಯ ಮಗ್ಗುಲಿನಿಂದಲೇ ಹಾಯಬೇಕಿತ್ತು. ಇನ್ನೊಂದು ಬದಿಗೆ ಸೆಗಣಿ ತಟ್ಟಿದ ಕುಳ್ಳು ಒಟ್ಟಿದ್ದರಿಂದ ಬೇರೆ ದಾರಿ ಇರಲಿಲ್ಲ. ಅವತ್ತು ಬಾನಿಯ ನೀರು ಅಲ್ಲಾಡಿತು. ಗಾಳಿ ಇರಲಿಲ್ಲ. ಕಮಲದ ಎಲೆಗಳ ನಡುವೆ ಒಂದು ಗುಳ್ಳೆ ಎದ್ದು ಒಡೆಯಿತು. ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಸಣ್ಣ ಸಣ್ಣ ಗುಳ್ಳೆಗಳ ಒಂದು ಸಾಲು, ಮತ್ತೆ ಸ್ತಬ್ಧ. ನಿದ್ದೆಹೋದವರ ಉಸಿರು ಹೀಗೇ ಇರುತ್ತದೆ, ನಿಂತಿತೇನೋ ಅನ್ನುವಾಗ ಮತ್ತೆ ಶುರುವಾಗುತ್ತದೆ. ನಾನು ಪಾಯಖಾನೆಗೆ ಹೋಗಲಿಲ್ಲ. ತಿರುಗಿ ಬಂದು ಅಗಳಿ ಹಾಕಿ, ಎಲ್ಲರೂ ಏಳುವವರೆಗೆ ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿ ಕುಳಿತೆ.

ಬಾನಿಯ ಕೆಳಗೆ ಯಾರಿದ್ದಾರೆ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಹಿಂದಿನ ವರ್ಷ ನನಗೊಬ್ಬ ತಮ್ಮ ಹುಟ್ಟಿದ್ದ. ಒಂದು ಹಗಲು ಇದ್ದು ಹೋದ. ಹೆಸರೂ ಇಟ್ಟಿರಲಿಲ್ಲ. ಹಲ್ಲು ಬರದ ಕೂಸು ತೀರಿಕೊಂಡರೆ ನಮ್ಮ ಮನೆತನದಲ್ಲಿ ಊರ ಹೊರಗೆ ಒಯ್ಯುತ್ತಿರಲಿಲ್ಲ, ಹಿತ್ತಲಿನಲ್ಲೇ ಮಣ್ಣು ಮಾಡುತ್ತಿದ್ದರು. ಮನೆಯ ಹತ್ತಿರ ಇದ್ದರೆ ಅದೇ ಹೊಟ್ಟೆಗೆ ತಿರುಗಿ ಬರುತ್ತದೆ ಎಂದು ಆಯಿ ಹೇಳುತ್ತಿದ್ದಳು. ನಾಯಿ ಕೆದರಬಾರದೆಂದು ಮೇಲೆ ಜಾಲಿಮುಳ್ಳು, ಮುಳ್ಳಿನ ಮೇಲೆ ಏನಾದರೂ ಭಾರ. ಅಪ್ಪನಿಗೆ ಬಸ್ ಕಂಡಕ್ಟರ್ ನೌಕರಿ ಸಿಕ್ಕ ಮೇಲೆ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು ಎತ್ತು ಮಾರಿದ್ದರಿಂದ, ಅವಕ್ಕೆ ನೀರು ಕುಡಿಸುವ ಬಾನಿ ಕೊಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ಅಪ್ಪ ಮತ್ತು ಓಣಿಯ ಇಬ್ಬರು ಹಾರೆ ಹಾಕಿ ಮೀಟುತ್ತ ಮೀಟುತ್ತ ತಂದು ಆ ಜಾಗದ ಮೇಲೆ ಕೂಡಿಸಿದ್ದು ನನಗೆ ನೆನಪಿದೆ. ಆದರೆ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವನು ನಾನು. ಯಾವುದನ್ನೂ ಇನ್ನೊಮ್ಮೆ ತೂಗಿ ನೋಡದೆ ಬಿಡಲಾಗದ ಚಟ ಅಲ್ಲಿಂದ ಹತ್ತಿದೆ. ಕಲ್ಲಿಗೆ ಹಾರೆ ಉಜ್ಜುವ ಸದ್ದು ನೆನಪಿದೆ, ಅಪ್ಪನ ಮುಖ ನೆನಪಿಲ್ಲ. ಕಂಡದ್ದೋ, ಕೇಳಿ ಕಟ್ಟಿಕೊಂಡದ್ದೋ? ಈಚೆಗೆ ಅವ್ವನನ್ನು ಕೇಳಿದಾಗ ಅವಳು ಅಚ್ಚರಿಪಟ್ಟಳು.

"ಬಾನಿ ಮೊದಲಿಂದ್ಲೂ ಅಲ್ಲೇ ಇತ್ತಲ್ಲೋ. ಕೂಸಿನ್ನ ಇಟ್ಟಿದ್ದು ಬೇವಿನ ಗಿಡದ ಬುಡಕ."

ನನ್ನ ನೆನಪಿನ ಹಿತ್ತಲಿನಲ್ಲಿ ಬೇವಿನ ಗಿಡವೇ ಇಲ್ಲ. ಒಂದು ಚೂರು ನೆರಳೂ ಇಲ್ಲ.

ಕಮಲ ತಂದವಳು ಅವ್ವ. ಬಸವನ ಬಾಗೇವಾಡಿ ಕಡೆಯ ಅವಳ ತವರೂರಿನ ಕೆರೆಯಲ್ಲಿ ಅದು ಯಾರೂ ಕೇಳದೆ ತಾನೇ ಬೆಳೆಯುತ್ತಿತ್ತು. ಕೂಸು ಹೋದ ಮೇಲೆ ತವರಿನಲ್ಲಿ ಕೆಲವು ತಿಂಗಳು ಇದ್ದು ಬಂದವಳು ಬಟ್ಟೆಬರೆಯ ಜೊತೆ ಹಸಿ ಗೋಣಿತಾಟಿನಲ್ಲಿ ಸುತ್ತಿದ ಒಂದು ಗಡ್ಡೆ ತಂದಳು. ಬಾಳೆಕಾಯಿಯಷ್ಟು ಉದ್ದ, ನಡುವೆ ಕಬ್ಬಿನಂತೆ ಗಿಣ್ಣು, ತುದಿಗೆ ಚೂಪಾದ ಮೊಳಕೆ. ಮೊಳಕೆ ಮುರಿದರೆ ಗಡ್ಡೆ ಹೋದಂತೆಯೇ ಎಂದು ಬಸ್ಸಿನಲ್ಲಿ ಅದನ್ನು ಉದ್ದಕ್ಕೂ ತೊಡೆಯ ಮೇಲೆ ಮಲಗಿಸಿಕೊಂಡು ಬಂದಿದ್ದಳು. ಬಾನಿಯಲ್ಲಿ ಅದನ್ನು ಹೇಗೆ ಬೆಳೆಸಬೇಕು ಎಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಪ್ಪ ತನಗೆ ಗೊತ್ತಿದ್ದಂತೆ ಮಾಡಿದ. ಮೆಣಸಿನ ಮಡಿಗೆ ಹಾಕುವ ಹಾಗೆ ತಳಕ್ಕೆ ಎಮ್ಮೆಯ ಹಸಿ ಸೆಗಣಿ, ಅದರಲ್ಲೇ ಎಮ್ಮೆ ತಿಂದು ಬಿಟ್ಟ ಜೋಳದ ಕಣಿಕೆಯ ಚೂರು, ಅದರ ಮೇಲೆ ಹೊಲದಿಂದ ತರಿಸಿದ ಎರೆಮಣ್ಣು. ನೀರಿನ ಕೆಳಗೆ ಸಿಕ್ಕಿಬಿದ್ದ ಹಸಿ ಸೆಗಣಿ ಕೊಳೆತು ಗಾಳಿ ಬಿಡುತ್ತದೆ, ಕಮಲಕ್ಕೆ ಬರಿಯ ಜಿಗುಟು ಮಣ್ಣೇ ಸಾಕು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ನಮ್ಮಂಥ ಒಕ್ಕಲು ಮನೆಯಲ್ಲಿ ಸೆಗಣಿ ಹಾಕಿದ್ದರಿಂದ ಒಂದು ಗಿಡಕ್ಕೆ ಕೇಡಾದೀತು ಎಂದು ಯಾರ ತಲೆಗೂ ಬರುವಂತಿರಲಿಲ್ಲ. ಅವ್ವ ಗಡ್ಡೆಯನ್ನು ಅಡ್ಡ ಮಲಗಿಸಿ, ಮೊಳಕೆಯಷ್ಟನ್ನೇ ಹೊರಗೆ ಬಿಟ್ಟು, ಮಣ್ಣು ಕದಡದಂತೆ ಒಂದು ತಾಟು ಇಟ್ಟು ಅದರ ಮೇಲೆ ತಂಬಿಗೆಯಿಂದ ನಿಧಾನವಾಗಿ ನೀರು ಬಿಟ್ಟಳು. ಕೂಸಿಗೆ ಎರೆಯುವಾಗ ಅವಳ ಕೈ ಹಾಗಿರುತ್ತಿತ್ತು. ಇದೂ ನನ್ನ ಕಲ್ಪನೆ ಇರಬಹುದು, ಅವಳು ಕೂಸಿಗೆ ಎರೆದದ್ದನ್ನು ನಾನು ಅಷ್ಟರವರೆಗೆ ನೋಡಿಯೇ ಇರಲಿಲ್ಲ.

ಮೊದಲು ರೂಪಾಯಿ ಬಿಲ್ಲೆಯಷ್ಟು ಎಲೆಗಳು ನೀರಿನ ಮೇಲೆ ಮಲಗಿದವು, ಆಮೇಲೆ ತಾಟಿನಷ್ಟು ದೊಡ್ಡವು ದೇಟಿನ ಮೇಲೆ ಎದ್ದು ನಿಂತವು. ಜೊತೆಗೆ ಸೊಳ್ಳೆಯೂ ಆದವು. ಪಕ್ಕದ ಮನೆಯ ಹಸೀನಾ ಚಾಚಿ, ಅವ್ವನ ಗೆಳತಿ, ಒಂದು ಡಬ್ಬಿಯಲ್ಲಿ ಹಳ್ಳದ ಸಣ್ಣ ಮೀನು ಹಿಡಿಸಿಕೊಂಡು ಬಂದಳು. ಲಿಂಗ ಕಟ್ಟಿಕೊಂಡವರ ಮನೆಗೆ ಮೀನೇ ಎಂದು ಆಯಿ ಹಿಂಬಾಗಿಲಿಗೆ ಅಡ್ಡ ನಿಂತಳು.

"ಇವು ತಿನ್ನಾಕಲ್ಲ ಆಯಿ. ಸೊಳ್ಳಿ ತಿಂತಾವ, ಅಷ್ಟ," ಎಂದಳು ಚಾಚಿ.

"ಇವತ್ತ ಇವು ಸೊಳ್ಳಿ ತಿಂತಾವ. ನಾಳಿ ಇವನ್ನ ತಿನ್ನಾಕ ಬೆಕ್ಕ ಬರ್ತೈತಿ. ನಾಡದ ಆ ಬೆಕ್ಕಿಗಿ ನನ್ನ ಹಾಲ ಹಾಕ್ರಿ ಅಂತೀರಿ."

ಚಾಚಿ ನಕ್ಕು ಡಬ್ಬಿ ಬಗ್ಗಿಸಿಯೇಬಿಟ್ಟಳು. ಆಯಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬಾನಿಯ ಬಳಿ ನಮ್ಮ ಮನೆಯವರು ನಕ್ಕದ್ದು ಅದೊಂದೇ ಸಲ ಇರಬೇಕು. ಬಿಸಿಲು ಏರಿದಂತೆ ನೀರಿಗೆ ಒಂದು ನಾತ ಬಂತು, ಮೀನುಗಳು ಒಂದೊಂದಾಗಿ ಬಿಳಿ ಹೊಟ್ಟೆ ಮೇಲಕ್ಕೆ ಮಾಡಿ ತೇಲಿದವು. ಅವ್ವ ಅವನ್ನು ಬೊಗಸೆಯಲ್ಲಿ ತೆಗೆದು ಕುಳ್ಳಿನ ಹಿಂದೆ ಹೂಳಿದಳು. ಹೂಳುವಾಗ ಅವಳ ಹೊಟ್ಟೆ ಬಗ್ಗಲು ಬಿಡುತ್ತಿರಲಿಲ್ಲ, ಮೊಣಕಾಲೂರಿ ಕುಳಿತಿದ್ದಳು. ಹೌದು, ಆಗ ಅವಳು ಮತ್ತೆ ಬಸುರಿ.

ಮನೆಯಲ್ಲಿ ಆ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಆಯಿ ಈ ಸಲ ಬಸುರಿಗೆ ಮಾಡುವ ಕುಬಸದ ಸುದ್ದಿಯನ್ನೇ ಎತ್ತಲಿಲ್ಲ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಓಣಿಯ ಹೆಣ್ಣುಮಕ್ಕಳಿಗೆಲ್ಲ ತೋರಿಸಿ ಕಣ್ಣು ಬೀಳಿಸಿಕೊಳ್ಳುವುದು ಬೇಡವೆಂದು. ಮೂಲೆಯಲ್ಲಿದ್ದ ತೊಟ್ಟಿಲನ್ನು ಕೂಡ ಹೊರಗೆ ತೆಗೆಯದೆ ಅದರಲ್ಲಿ ಹಳೆಯ ಹಾಸಿಗೆ ತುಂಬಿದ್ದಳು. ಅವ್ವ ಮಾತ್ರ ಮಧ್ಯಾಹ್ನ ಎಲ್ಲರೂ ಒರಗಿದ ಮೇಲೆ ಬಾನಿಯ ಅಂಚಿಗೆ ಹೋಗಿ ಕುಳಿತು ಹಳದಿಯಾದ ಎಲೆ ಕೀಳುತ್ತಿದ್ದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಗುಳ್ಳೆ ಏಳುತ್ತಿದ್ದವು, ಅವಳು ಕೈ ನೀರಿನಲ್ಲಿ ಬಿಟ್ಟುಕೊಂಡು ಕುಳಿತಿರುತ್ತಿದ್ದಳು. ಕರೆಯಬೇಕು ಅನ್ನಿಸುತ್ತಿತ್ತು, ಕರೆಯದೆ ತಿರುಗಿ ಬಂದು ಮಲಗುತ್ತಿದ್ದೆ. ಊಟಕ್ಕೆ ಕುಳಿತಾಗ ಆಯಿ ನನ್ನ ತಾಟಿಗೆ ರೊಟ್ಟಿ ಮುರಿದು ಹಾಕುತ್ತ ಯಾರಿಗೋ ಹೇಳಿದಂತೆ ಹೇಳುತ್ತಿದ್ದಳು: ಎರಡು ಜೀವದವಳು ನಡುಹಗಲಿನಲ್ಲಿ ಅಲ್ಲಿ ಕೂಡಬಾರದು, ಹೋದದ್ದನ್ನು ದಿನಾ ಮಾತನಾಡಿಸಬಾರದು. ಅವ್ವ ಶೇಂಗಾ ಹಿಂಡಿಗೆ ಎಣ್ಣೆ ಕಲಸುತ್ತ ಕೇಳಿಸದವಳಂತೆ ಇರುತ್ತಿದ್ದಳು. ಒಂದು ದಿನ ಮಾತ್ರ, ಹೂವಾದರೆ ಮೊದಲನೆಯದನ್ನು ದೇವರ ಜಗಲಿಗೆ ಏರಿಸುತ್ತೇನೆ ಎಂದಳು. ಆಯಿ ಕೈಯೊಳಗಿನ ರೊಟ್ಟಿ ಕೆಳಗಿಟ್ಟಳು.

"ಆ ಹೂವ ನನ್ನ ಜಗಲಿಗಿ ಬರಬಾರದು ನೀಲಾ. ಅದು ಏನ ತಿಂದು ಬೆಳದೈತಿ ಅಂತ ನಿನಗ ಗೊತ್ತಿಲ್ಲೇನು?"

ಅವ್ವ ಉಣ್ಣುವುದನ್ನು ಬಿಟ್ಟು ಎದ್ದಳು. ಬಾನಿಗೆ ಕಲ್ಲಿನ ತಳ ಇತ್ತು, ಯಾವ ಬೇರೂ ಅದನ್ನು ತೂರುವಂತಿರಲಿಲ್ಲ ಎಂದು ಈಗ ಹೇಳಬಲ್ಲೆ. ಆಗ ಆಯಿಯ ಮಾತು ನನ್ನೊಳಗೆ ಬೇರೆಯೇ ಲೆಕ್ಕ ಹಾಕಿತು. ತಿರುಗಿ ಬರುತ್ತಾನೆಂದು ಅವನನ್ನು ಮನೆಯ ಹತ್ತಿರ ಇಟ್ಟರು. ಅವನು ಕೆಳಗೆ ಉಸಿರಾಡುತ್ತ ಕಾಯುತ್ತಿದ್ದಾನೆ. ಹಾಗಾದರೆ ಅವ್ವನ ಹೊಟ್ಟೆಯಲ್ಲಿರುವುದು ಯಾರು? ಬೇರೆ ಯಾರಾದರೂ ಆಗಿದ್ದರೆ ಅದನ್ನು ಇವನು ಬದುಕಲು ಬಿಡುತ್ತಾನೆಯೇ? ಯಾರನ್ನಾದರೂ ಕೇಳಬಹುದಿತ್ತು. ಅಪ್ಪ ವಾರದ ಅರ್ಧ ಬಸ್ಸಿನ ಜೊತೆ ಇಂಡಿ ಊರಿನಲ್ಲಿ ರಾತ್ರಿ ಹಾಲ್ಟಿಂಗ್. ಅವ್ವನನ್ನು ಕೇಳುವ ಮಾತು ಅದಲ್ಲ.

ಬಾನಿಯ ತಳದಿಂದ ಅದು ಮೇಲೆ ಬಂದ ದಿನ ನಾನು ಹಿತ್ತಲಿನಲ್ಲೇ ಇದ್ದೆ. ಅವ್ವ ಎಲೆ ಕೀಳುತ್ತಿದ್ದಳೆಂದು ಧೈರ್ಯ ಮಾಡಿ ಪಾಯಖಾನೆಗೆ ಹೊರಟವನು ಬಾನಿಯ ಹತ್ತಿರ ಬಂದಿದ್ದೆ. ತಳದಿಂದ ಗುಳುಗುಳು ಸದ್ದಾಯಿತು. ನೀರು ಕಪ್ಪಾಯಿತು. ಎಲೆಯೊಂದು ಪಕ್ಕಕ್ಕೆ ವಾಲಿತು, ಅದರ ಮಗ್ಗುಲಲ್ಲಿ ದುಂಡಗಿನ, ಕರಿಯ, ಕೂದಲು ಅಂಟಿಕೊಂಡ ಒಂದು ತಲೆ ಮೇಲೆ ಬಂತು. ಬಂದು ನಿಧಾನವಾಗಿ ಅರ್ಧ ತಿರುಗಿತು. ನಾನು ಕೂಗಿದೆನಂತೆ. ನನಗೆ ಕೂಗಿದ ನೆನಪಿಲ್ಲ. ನೆಲ ಬಿಸಿಯಾಗಿತ್ತು, ಕಾಲು ಎತ್ತಲು ಆಗುತ್ತಿರಲಿಲ್ಲ ಎಂಬುದಷ್ಟೇ ಇದೆ. ಅವ್ವ ನನ್ನ ಮುಖ ನೋಡಿದಳು, ಬಾನಿಯ ಕಡೆ ನೋಡಿದಳು, ನಾನು ಏನೆಂದುಕೊಂಡೆ ಎಂದು ಅವಳಿಗೆ ಆ ಕ್ಷಣವೇ ತಿಳಿದುಹೋಯಿತು. ತೋಳು ಮುಳುಗುವಷ್ಟು ಕೈ ಹಾಕಿ ಅದನ್ನು ಎರಡೂ ಕೈಯಿಂದ ಎತ್ತಿ ಬಾನಿಯ ಅಂಚಿನ ಮೇಲೆ ಇಟ್ಟಳು.

"ಇಲ್ಲಿ ಬಾ. ನೋಡು."

ನಾನು ಬರಲಿಲ್ಲ. ಅವಳು ಹೆಬ್ಬೆರಳಿನಿಂದ ಅದನ್ನು ಎರಡು ಹೋಳು ಮಾಡಿದಳು. ಒಳಗೆ ಹಸಿರುಗಪ್ಪು ಸೆಗಣಿ, ಕಣಿಕೆಯ ಚೂರು, ಹುಲ್ಲಿನ ಎಳೆ.

"ಸೆಗಣಿ ಐತಿ ತಮ್ಮಾ. ನಿಮ್ಮಪ್ಪ ಹಾಕಿದ್ದು. ಉಬ್ಬಿ ಮ್ಯಾಲ ಬಂದೈತಿ. ಬ್ಯಾರೆ ಯಾರೂ ಇಲ್ಲ ಇದರಾಗ."

ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಕೂಗಿಗೆ ಎದ್ದು ಬಂದ ಆಯಿ ಬಾಗಿಲಲ್ಲಿ ನಿಂತು ಅವ್ವನ ಕೆಸರು ಮೆತ್ತಿದ ಕೈ, ಒಡೆದ ಮುದ್ದೆ, ನನ್ನ ಒದ್ದೆಯಾದ ಚಡ್ಡಿ ಎಲ್ಲವನ್ನೂ ನೋಡಿ ಒಳಗೆ ತಿರುಗಿದಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಂದೇ ಸಂಜೆ ಅವ್ವನಿಗೆ ನೋವು ಶುರುವಾಯಿತು. ದಿನ ಇನ್ನೂ ತುಂಬಿರಲಿಲ್ಲ. ಹಸೀನಾ ಚಾಚಿಯ ಗಂಡ ಒಂದು ಜೀಪು ತಂದ. ಚಾಚಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು, ಜೀಪು ವಿಜಾಪುರದ ದಾರಿ ಹಿಡಿಯಿತು. ಅಪ್ಪನಿಗೆ ಡಿಪೋದಿಂದ ಸುದ್ದಿ ಮುಟ್ಟಿ ಅವನು ಅಲ್ಲಿಂದಲೇ ನೇರ ಆಸ್ಪತ್ರೆಗೆ ಹೋದ. ಮನೆಯಲ್ಲಿ ಉಳಿದವರು ನಾನು ಮತ್ತು ಆಯಿ.

ಒಡೆದ ಮುದ್ದೆ ಬರಿಯ ಸೆಗಣಿ ಎಂದು ಕಣ್ಣಾರೆ ಕಂಡಿದ್ದೆ. ಅದರಿಂದ ಭಯ ಹೋಗಬೇಕಿತ್ತು, ಹೋಗಲಿಲ್ಲ. ಅವ್ವ ಅದನ್ನು ಒಡೆದ ದಿನವೇ ಅವಳಿಗೆ ಹೀಗಾಯಿತು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ನಳಕ್ಕೆ ನೀರು ಬಾರದೆ ಓಣಿಯೆಲ್ಲ ಕೊಡ ಹೊತ್ತು ಅಲೆಯುತ್ತಿತ್ತು. ಬಾನಿಗೆ ಯಾರೂ ನೀರು ಹಾಕಬಾರದು, ಕುಡಿಯುವುದಕ್ಕೇ ಇಲ್ಲ ಎಂದು ಆಯಿ ಮೊದಲೇ ಹೇಳಿದ್ದಳು. ಆ ಬಿಸಿಲಿಗೆ ಬಾನಿಯ ನೀರು ನೋಡನೋಡುತ್ತಲೇ ಇಳಿಯಿತು. ಕಲ್ಲಿನ ಗೋಡೆಯ ಮೇಲೆ ಹಸಿರು ಪಾಚಿಯ ಗೆರೆ ಮೇಲುಳಿಯಿತು, ಎಲೆಗಳ ಅಂಚು ಸುಟ್ಟು ಮುದುಡಿತು, ನಡುವೆ ಒಂದು ಕಡೆ ಕೆಸರು ಬೆನ್ನು ತೋರಿಸತೊಡಗಿತು. ನೀರು ಪೂರ್ತಿ ಇಳಿದರೆ ಕೆಳಗಿರುವ ತಮ್ಮ ಎದ್ದು ಕೂಡುತ್ತಾನೆ. ಎದ್ದರೆ ವಿಜಾಪುರಕ್ಕೆ ಹೋಗುತ್ತಾನೆ. ಇದೇ ಹೊತ್ತಿನಲ್ಲಿ ಮೊಗ್ಗೂ ಎದ್ದಿತ್ತು. ಇಷ್ಟು ದಿನ ಅವ್ವ ಕಾದ ಮೊಗ್ಗು ಅವಳಿಲ್ಲದಾಗ ಬಂದು, ನಸುಗೆಂಪಾಗಿ, ಬಿಗಿದ ಮುಷ್ಟಿಯ ಹಾಗೆ ಎಲೆಗಳಿಗಿಂತ ಮೇಲೆ ನಿಂತಿತ್ತು. ಆಸ್ಪತ್ರೆಯಿಂದ ಯಾವ ಸುದ್ದಿಯೂ ಇರಲಿಲ್ಲ. ಆಯಿ ನುಚ್ಚು, ಮಜ್ಜಿಗೆ ಮಾಡಿ ನನಗೆ ಉಣ್ಣಿಸುತ್ತಿದ್ದಳು, ತಾನು ಉಣ್ಣುತ್ತಿರಲಿಲ್ಲ. ಬೀದಿಯಲ್ಲಿ ಗಾಡಿಯ ಸದ್ದಾದರೆ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು.

ಒಂದು ಮಧ್ಯಾಹ್ನ ಕಣ್ಣು ಬಿಟ್ಟರೆ ನಡುಮನೆಯಲ್ಲಿ ಆಯಿ ಇರಲಿಲ್ಲ. ಹಿಂಬಾಗಿಲು ತೆರೆದಿತ್ತು. ಕುಡಿಯುವ ನೀರಿನ ತಾಮ್ರದ ಕೊಡವನ್ನು ಟೊಂಕದ ಮೇಲೆ ಇಟ್ಟುಕೊಂಡು ಅವಳು ಬಾನಿಯ ಕಡೆ ಹೋಗುತ್ತಿದ್ದಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಬಾನಿಯ ಮುಂದೆ ಕೊಡ ಇಳಿಸಿ, ಸುತ್ತಲೂ ನೋಡಿ, ಕೆಸರು ಕಾಣುತ್ತಿದ್ದ ಕಡೆ ಒಂದೊಂದೇ ತಂಬಿಗೆ ನೀರು ಬಿಡುತ್ತ ಹೋದಳು. ತನ್ನ ತಲೆಯ ಮೇಲಿನ ಸೆರಗನ್ನು ತೆಗೆದು ಎಲೆಗಳ ಮೇಲೆ ಹಿಡಿದಳು. ನಮ್ಮ ಆಯಿ ಸೆರಗಿಲ್ಲದ ಬರಿದಲೆಯನ್ನು ಯಾರಿಗೂ ತೋರಿಸಿದವಳಲ್ಲ. ಆಮೇಲೆ ಬಾಗಿ, ಸಣ್ಣ ಕೂಸಿನೊಂದಿಗೆ ಮಾತನಾಡುವ ದನಿಯಲ್ಲಿ ಹೇಳಿದಳು:

"ಸುಮ್ಮ ಮಲಗಪ್ಪಾ. ನಾ ಬೈದಿದ್ದು ಮನಸಿನ್ಯಾಗ ಇಟಗೋಬ್ಯಾಡ. ನೀರ ಹಾಕೇನಿ, ನೆಳ್ಳ ಮಾಡೇನಿ. ಬರೂ ಕೂಸಿಗಿ ಹಾದಿ ಬಿಡು."

ನನಗೆ ಅದುವರೆಗೆ ಒಂದು ನಂಬಿಕೆ ಇತ್ತು. ಆಯಿಗೆ ಎಲ್ಲ ಗೊತ್ತಿದೆ, ಏನಾದರೂ ಎದ್ದು ಬಂದರೆ ಅವಳು ವಿಭೂತಿ ಹಚ್ಚಿ, ಒಂದು ಮಾತು ಹೇಳಿ ಅದನ್ನು ನಿಲ್ಲಿಸುತ್ತಾಳೆ ಎಂದು. ಈಗ ಅವಳ ಕೈಯೊಳಗಿನ ತಂಬಿಗೆ ಕಲ್ಲಿಗೆ ತಾಗಿ ಕಟಕಟ ಅನ್ನುತ್ತಿತ್ತು. ಅವಳಿಗೂ ನನ್ನಷ್ಟೇ ಹೆದರಿಕೆ, ನನ್ನಷ್ಟೇ ಗೊತ್ತಿಲ್ಲ. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಬಾನಿಯಲ್ಲಿ ಯಾವುದೂ ಇರಲಿಲ್ಲ. ದೊಡ್ಡವರು ಹೇಳಿದ್ದನ್ನು ತಿರುಗಿಸಿ ತಿರುಗಿಸಿ ಕೇಳುವ ನನ್ನ ಸ್ವಭಾವ ಎಲ್ಲಿಂದ ಬಂತು ಎಂದು ಯೋಚಿಸಿದಾಗಲೆಲ್ಲ ಆ ತಂಬಿಗೆಯ ಸದ್ದು ಬರುತ್ತದೆ. ಅದು ಧಾರವಾಡದಿಂದ ಬಂದದ್ದಲ್ಲ. ನಾನು ಸಪ್ಪಳವಾಗದಂತೆ ಹೋಗಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೆ. ಅವಳು ಬಂದು ಮಗ್ಗುಲಲ್ಲಿ ಮಲಗಿದಾಗ ಅವಳ ಸೀರೆಗೆ ಕೆಸರಿನ ವಾಸನೆ ಇತ್ತು.

ಈ ಸಂಗತಿಯನ್ನೂ ಅವ್ವನ ಮುಂದೆ ಹೇಳಿದ್ದೇನೆ. ಅವಳು ನಂಬಲಿಲ್ಲ. ಕುಡಿಯುವ ನೀರನ್ನು ಆಯಿ ಬಾನಿಗೆ ಸುರಿದಾಳೇ, ನಿನಗೆ ಕನಸು ಬಿದ್ದಿರಬೇಕು ಎಂದಳು. ಇರಬಹುದು. ಜ್ವರವೂ ಬಂದಿತ್ತಂತೆ ನನಗೆ ಆಗ. ಕನಸಾಗಿದ್ದರೆ ಗಿಡ ಬದುಕಿದ್ದು ಹೇಗೆ ಎಂದು ಕೇಳಿದೆ. ಆದರೆ ನನ್ನ ಬಳಿ ಪುರಾವೆ ಇಲ್ಲ. ಕಮಲದ ಗಡ್ಡೆ ಒಣ ಕೆಸರಿನಲ್ಲಿ ಕೂಡ ಬಹಳ ದಿನ ಜೀವ ಹಿಡಿದಿರುತ್ತದೆ.

ಅವ್ವ ತಿರುಗಿ ಬರುವ ಹೊತ್ತಿಗೆ ಹೂವು ಅರಳಿ ಉದುರಿತ್ತು. ಯಾರೂ ಅದನ್ನು ಕೀಳಲಿಲ್ಲ, ಅದು ಜಗಲಿಗೂ ಹೋಗಲಿಲ್ಲ. ದೇಟಿನ ತುದಿಯಲ್ಲಿ ತೂತು ತೂತಿನ ಕಾಯಿ ನಿಂತಿತ್ತು, ಪ್ರತಿ ತೂತಿನೊಳಗೂ ಒಂದೊಂದು ಬೀಜ, ಮುಚ್ಚಿದ ಕಣ್ಣಿನಂತೆ. ಅವ್ವ ಅತ್ತ ನೋಡಲೂ ಇಲ್ಲ. ಅವಳ ತೋಳಿನಲ್ಲಿ ಅರಿವೆಯ ಗಂಟು ಇತ್ತು, ಗಂಟಿನೊಳಗೆ ನನ್ನ ತಂಗಿ. ಅಂಗೈ ಅಗಲದ ಮುಖ, ಒಣಗಿದ ಅಂಜೂರದಂಥ ಬಣ್ಣ. ಕೂಸು ಅಳುತ್ತಿರಲಿಲ್ಲ, ಅದೇ ಎಲ್ಲರಿಗೂ ಚಿಂತೆ. ಆಯಿ ತೊಟ್ಟಿಲೊಳಗಿನ ಹಳೆಯ ಹಾಸಿಗೆ ತೆಗೆಯಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡು, ಇನ್ನಷ್ಟು ದಿನ ಹೋಗಲಿ ಎಂದಳು. ಅಪ್ಪ ಬಾಗಿಲಲ್ಲೇ ನಿಂತಿದ್ದ. ಆಸ್ಪತ್ರೆಯವರು ಕಳಿಸಿಕೊಟ್ಟಿದ್ದರು, ಆದರೆ ಇದು ಉಳಿಯುತ್ತದೆ ಎಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಮುಂದಿನದನ್ನು ನಾನು ಯಾರನ್ನೂ ಕೇಳಿ ಖಾತ್ರಿ ಮಾಡಿಕೊಂಡಿಲ್ಲ, ಮಾಡಿಕೊಳ್ಳುವುದೂ ಇಲ್ಲ. ಎಲ್ಲರೂ ಉಂಡು ಮಲಗಿದ ಹೊತ್ತು. ಅವ್ವನ ಹಾಸಿಗೆ ನಡುಮನೆಯ ಮೂಲೆಯಲ್ಲಿತ್ತು. ನಾನು ತೆವಳುತ್ತ ಹೋಗಿ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದೆ. ಏನೂ ತಿಳಿಯಲಿಲ್ಲ. ಬೆರಳನ್ನು ನೆಕ್ಕಿ ಒದ್ದೆ ಮಾಡಿ ಮತ್ತೆ ಹಿಡಿದೆ. ತಂಪಾಗಿ ಏನೋ ಹಾಯ್ದಂತಾಯಿತು, ನಿಂತಿತು, ನನ್ನ ಉಸಿರೂ ನಿಂತಿತು, ಮತ್ತೆ ಹಾಯಿತು. ತಲೆ ಎತ್ತಿದರೆ ಅವ್ವ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಕಣ್ಣಿನ ಸುತ್ತ ಕಪ್ಪು. ಅವಳ ಕೈ ಅರಿವೆಯೊಳಗೆ ಕೂಸಿನ ಎದೆಯ ಮೇಲಿತ್ತು.

"ಏನ ನೋಡಾಕತ್ತಿ?"

"ಉಸರಾಡತಾಳೇನು ಅಂತ."

ಅವ್ವ ತನ್ನ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು, ನನ್ನ ಕೈಯನ್ನು ಹಿಡಿದು ಅದೇ ಜಾಗದಲ್ಲಿ ಇಟ್ಟಳು.

"ಒಂದೀಟು ನೀ ನೋಡು. ನಾ ಮಲಗತೇನಿ."

ಹೇಳಿ ಮುಗಿಸುವಷ್ಟರಲ್ಲೇ ಅವಳಿಗೆ ನಿದ್ದೆ ಹತ್ತಿತ್ತು.